ಹೊಸ ಪಿಕಪ್ಪಿನ ಕರೆಂಟು ತೊಂದರೆ: ಮಲ್ಟಿಮೀಟರ್ ಹಿಡಿದು ಹುಡುಕಿದ ಅನುಭವ

ಹೊಸ ಗಾಡಿಯಲ್ಲಿ ಎಲೆಕ್ಟ್ರಿಕಲ್ ತೊಂದರೆ ಬಂದರೆ ಎಲ್ಲರೂ ಮೊದಲು ಬ್ಯಾಟರಿಯನ್ನೇ ಬೈಯುತ್ತಾರೆ. ನನ್ನ ಪಿಕಪ್‌ಗೂ ಸರ್ವಿಸ್ ಸೆಂಟರಿನವರು ಮೊದಲು ಬ್ಯಾಟರಿಯನ್ನೇ ಬದಲಾಯಿಸಿಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಅದೇ ಕಾಟ ಮತ್ತೆ ಶುರುವಾಯಿತು.

ಗಾಡಿಯನ್ನು ಎರಡು ಮೂರು ದಿನ ನಿಲ್ಲಿಸಿ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುತ್ತಿರಲಿಲ್ಲ. ರಿಲೇ ಟಕಟಕ ಅನ್ನುವುದಷ್ಟೇ ಕೇಳುತ್ತಿತ್ತು. ಇನ್ನು ಕೆಲವು ಸಲ ಓಡಿಸುತ್ತಿರುವಾಗಲೇ ಡ್ಯಾಶ್‌ನಲ್ಲಿ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಕ್ಷಣದಲ್ಲೇ ಆರಿ ಹೋಗುತ್ತಿದ್ದವು. ರಾತ್ರಿ ಹೆಡ್‌ಲೈಟ್ ಹಾಕಿ, ಬ್ಲೋವರ್ ಜೋರು ಮಾಡಿ, ಇಂಡಿಕೇಟರ್ ಕೊಟ್ಟರೆ ಡೀಸೆಲ್ ಮುಳ್ಳು ಇಂಡಿಕೇಟರಿನ ತಾಳಕ್ಕೆ ಸರಿಯಾಗಿ ಅಲ್ಲಾಡುತ್ತಿತ್ತು.

ಈ ಮುಳ್ಳಿನ ಅಲ್ಲಾಟವೇ ನನಗೆ ಸಿಕ್ಕ ಒಳ್ಳೆಯ ಸುಳಿವು. ಡೀಸೆಲ್ ಗೇಜಿಗೂ ಇಂಡಿಕೇಟರಿಗೂ ಏನು ಸಂಬಂಧ? ನೇರ ಸಂಬಂಧ ಏನೂ ಇಲ್ಲ. ಆದರೆ ಎರಡರ ಕರೆಂಟೂ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಒಂದೇ, ಅದು ಅರ್ತ್. ಒಂದು ದೀಪ ಹತ್ತಿದಾಗ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಏನೋ ಆಗುತ್ತಿದ್ದರೆ, ಮೊದಲು ಅರ್ತ್ ಮೇಲೆ ಅನುಮಾನ ಪಡಬೇಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು ಕೂಡ ಇದೇ ಜಾತಿಯ ತೊಂದರೆ.

ಹುಡುಕಲು ಶುರು ಮಾಡುವ ಮೊದಲು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ತೊಂದರೆ ಬಂದಾಗಲೆಲ್ಲ ತಾರೀಖು, ಮಳೆ ಇತ್ತಾ, ಎಷ್ಟು ಹೊತ್ತು ನಿಂತಿತ್ತು, ಆಗ ಏನೇನು ಆನ್ ಆಗಿತ್ತು ಅಂತ ಬರೆದೆ. ಸಾಧ್ಯವಾದಾಗ ಫೋನಿನಲ್ಲಿ ವಿಡಿಯೋ ತೆಗೆದೆ. ಬಂದು ಹೋಗುವ ತೊಂದರೆಗೆ ಇದು ಬೇಕೇ ಬೇಕು, ಯಾಕೆಂದರೆ ವರ್ಕ್‌ಶಾಪಿನಲ್ಲಿ ನಿಂತಾಗ ಗಾಡಿ ಯಾವಾಗಲೂ ಸರಿಯಾಗೇ ಇರುತ್ತದೆ. ಕೆಲವು ವಾರ ಬರೆದ ಮೇಲೆ ವಿಷಯ ಬಿಡಿಬಿಡಿಯಾಗಿ ಕಾಣಿಸಿತು. ದೀಪಗಳ ಆಟ ನಡೆಯುವುದು ಲೋಡ್ ಜಾಸ್ತಿ ಇದ್ದಾಗ, ಮಳೆ ಇರಲಿ ಬಿಡಲಿ. ಬ್ಯಾಟರಿ ಇಳಿಯುವುದು ಮಳೆ ಬಂದ ಮೇಲೆ ಗಾಡಿ ನಿಂತಿದ್ದಾಗ ಮಾತ್ರ. ಅಂದರೆ ಇದು ಒಂದು ತೊಂದರೆ ಅಲ್ಲ, ಎರಡು. ಎರಡನ್ನೂ ಒಂದೇ ಅಂದುಕೊಂಡು ಹುಡುಕಿದ್ದಕ್ಕೇ ಸರ್ವಿಸ್ ಸೆಂಟರಿನಲ್ಲಿ ಯಾರಿಗೂ ಏನೂ ಸಿಕ್ಕಿರಲಿಲ್ಲ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ತೊಂದರೆಯ ಕೋಡ್‌ಗಳನ್ನು ಓದುವ ಸ್ಕ್ಯಾನರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದರಲ್ಲಿ ಪಿ0562, ಅಂದರೆ ವೋಲ್ಟೇಜ್ ಕಡಿಮೆ ಅನ್ನುವ ಕೋಡ್ ಇತ್ತು. ಜೊತೆಗೆ ‘ಯು’ ಅಕ್ಷರದಿಂದ ಶುರುವಾಗುವ ಕೋಡ್‌ಗಳ ಸಾಲೇ ಇತ್ತು. ಒಂದು ಮಾಡ್ಯೂಲ್, ಅಂದರೆ ಗಾಡಿಯ ಒಂದೊಂದು ಕೆಲಸ ನೋಡಿಕೊಳ್ಳುವ ಚಿಕ್ಕ ಕಂಪ್ಯೂಟರ್, ಇನ್ನೊಂದರ ಜೊತೆ ಮಾತು ನಿಲ್ಲಿಸಿದರೆ ಬರುವ ಕೋಡ್‌ಗಳು ಅವು. ಅಷ್ಟು ಮಾಡ್ಯೂಲ್‌ಗಳು ಒಟ್ಟಿಗೆ ಕೆಟ್ಟು ಹೋಗುವುದಿಲ್ಲ ಅಲ್ವಾ? ಎಲ್ಲವೂ ಒಟ್ಟಿಗೆ ಬಂದರೆ ಸಪ್ಲೈ, ಅರ್ತ್, ಇಲ್ಲವೇ ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಕ್ಯಾನ್ ವೈರ್ ನೋಡಬೇಕು. ಬ್ಯಾಟರಿ ಬಿಚ್ಚಿಟ್ಟು, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ಅಳೆದೆ. 60ರ ಹತ್ತಿರ ಬಂತು. ಕ್ಯಾನ್ ಲೈನಿನ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60 ತೋರಿಸಬೇಕು. ಆ ವೈರ್ ಸರಿ ಇದೆ ಅಂತಾಯಿತು.

ಈಗ ಅರ್ತ್. ಇಲ್ಲಿ ಸುಮ್ನೆ ಓಮ್ಸ್ ಅಳೆದರೆ ಪ್ರಯೋಜನ ಇಲ್ಲ. ದಪ್ಪ ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮಲ್ಟಿಮೀಟರ್ ಎಲ್ಲ ಸರಿ ಅಂತಲೇ ತೋರಿಸುತ್ತದೆ. ಆ ಎಳೆಯಲ್ಲಿ 30 ಆಂಪ್ ಹೋಗಬೇಕಾದಾಗ ನಿಜ ಗೊತ್ತಾಗುತ್ತದೆ. ಹಾಗಾಗಿ ಕರೆಂಟು ಹರಿಯುತ್ತಿರುವಾಗಲೇ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ಅಳೆಯಬೇಕು.

ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ವೈರಿನ ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೇ ಒತ್ತಿದೆ. ಕ್ಲ್ಯಾಂಪ್ ಮೇಲೆ ಅಲ್ಲ, ಕಂಬದ ಮೇಲೆ. ಕೆಂಪು ವೈರನ್ನು ಕ್ಯಾಬಿನ್ ಒಳಗೆ ಸೀಟಿನ ಬೋಲ್ಟ್‌ಗೆ ತಾಗಿಸಿದೆ. ಒಳ್ಳೆಯ ಅರ್ತ್ ಆದರೆ ಇಲ್ಲಿ 0.1 ವೋಲ್ಟ್ ದಾಟಬಾರದು. 0.2 ದಾಟಿದರೆ ಅನುಮಾನ ಪಡಬೇಕು. ನನಗೆ 0.8 ಬಂತು. ಬ್ಲೋವರ್ ಕಡಿಮೆ ಮಾಡಿದರೆ ಇಳಿಯುತ್ತಿತ್ತು, ಜಾಸ್ತಿ ಮಾಡಿದರೆ ಏರುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದರ ಜೊತೆಗೇ ಕುಣಿಯುತ್ತಿತ್ತು, ಡೀಸೆಲ್ ಮುಳ್ಳು ಕುಣಿದ ಹಾಗೆಯೇ.

ಆಮೇಲೆ ಆ ದಾರಿಯನ್ನು ತುಂಡು ತುಂಡಾಗಿ ಅಳೆದೆ. ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕ್‌ಗೆ ಸರಿ ಇತ್ತು. ಬ್ಯಾಟರಿಯಿಂದ ಚಾಸಿಗೂ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೂ, ಸರಿ ಇತ್ತು. ಚಾಸಿಯಿಂದ ಕ್ಯಾಬಿನ್ನಿಗೆ ಬಂದಾಗ ಹೆಚ್ಚುಕಡಿಮೆ ಪೂರ್ತಿ 0.8 ಅಲ್ಲೇ ಸಿಕ್ಕಿತು. ಪಿಕಪ್ ಓಡಿಸುವವರು ಇದನ್ನು ತಿಳಿದಿರಬೇಕು. ಚಾಸಿ ಮೇಲೆ ಕೂರಿಸಿದ ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ರಬ್ಬರ್ ಮೂಲಕ ಕರೆಂಟು ಹೋಗುವುದಿಲ್ಲ. ಅದಕ್ಕೇ ಹೆಣೆದ ತಾಮ್ರದ ಪಟ್ಟಿ ಹಾಕಿ ಎರಡನ್ನೂ ಜೋಡಿಸಿರುತ್ತಾರೆ. ಆ ಪಟ್ಟಿ ಸರಿಯಾಗಿ ಕೂರದಿದ್ದರೆ ಕ್ಯಾಬಿನ್ನಿನ ಕರೆಂಟು ಸಣ್ಣಪುಟ್ಟ ವೈರ್‌ಗಳ ಮೂಲಕ ಅಡ್ಡದಾರಿ ಹುಡುಕುತ್ತದೆ.

ಚಾಸಿಯ ಬೀಮಿನ ಕೆಳಗೆ ಟಾರ್ಚ್ ಹಾಕಿ ನೋಡಿದೆ. ಪಟ್ಟಿ ಹೊಚ್ಚ ಹೊಸದು, ಬೋಲ್ಟೂ ಬಿಗಿಯಾಗಿತ್ತು. ಆದರೆ ಪಟ್ಟಿಯ ಉಂಗುರದ ಕೆಳಗೆ ಚಾಸಿಯ ಕಪ್ಪು ಪೇಂಟ್ ಹಾಗೇ ಇತ್ತು, ಉಂಗುರದ ಸುತ್ತ ಹೊಳೆಯುವ ಲೋಹ ಎಲ್ಲೂ ಕಾಣಲಿಲ್ಲ. ಇಷ್ಟು ದಿನ ಬೋಲ್ಟಿನ ಮರೆಗಳು (ಥ್ರೆಡ್) ತಾಗಿದ್ದ ಜಾಗದಲ್ಲಷ್ಟೇ ಕರೆಂಟು ಹರಿಯುತ್ತಿತ್ತು.

ನಾನು ಬಿಚ್ಚಲಿಲ್ಲ. ವಾರಂಟಿ ಇರುವ ಗಾಡಿಯಲ್ಲಿ ಅಳೆಯುವುದನ್ನೆಲ್ಲ ನಾವೇ ಅಳೆಯಬಹುದು. ಆದರೆ ವೈರ್ ಕತ್ತರಿಸುವುದು, ಇನ್ಸುಲೇಷನ್ ಚುಚ್ಚುವುದು, ಜೋಡಣೆ ಬದಲಿಸುವುದು ಬೇಡ. ಫೋಟೋ ತೆಗೆದುಕೊಂಡು ಎರಡನೇ ತೊಂದರೆ ಹಿಡಿಯಲು ಹೊರಟೆ.

ನಿಂತ ಗಾಡಿ ಎಷ್ಟು ಕರೆಂಟು ಕುಡಿಯುತ್ತದೆ ಅಂತ ನೋಡಬೇಕಾದರೆ ತಾಳ್ಮೆ ಬೇಕು. ಬಾನೆಟ್ ತೆಗೆದು, ಅದರ ಲಾಕನ್ನೂ ಬಾಗಿಲಿನ ಲಾಕನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿದೆ. ಕೀಯನ್ನು ದೂರ ಇಟ್ಟೆ. ಮೈನಸ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪ್ ಸಾಕೆಟ್‌ಗೆ ಹಾಕಿ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಜೋಡಿಸಿದೆ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬಾರದು, ಮಲ್ಟಿಮೀಟರಿನ ಫ್ಯೂಸ್ ಹಾರುತ್ತದೆ. ಮೊದಲು ಕೆಲವು ಆಂಪ್ ತೋರಿಸುತ್ತದೆ, ಗಾಬರಿ ಬೇಡ. ಮಾಡ್ಯೂಲ್‌ಗಳು ಒಂದೊಂದಾಗಿ ನಿದ್ದೆಗೆ ಹೋಗಲು ಅರ್ಧ ಗಂಟೆ, ಕೆಲವು ಗಾಡಿಗಳಲ್ಲಿ ಒಂದು ಗಂಟೆ ಬೇಕು. ಆಮೇಲೆ 50 ಮಿಲಿಆಂಪ್‌ಗಿಂತ ಕೆಳಗೆ ಬರಬೇಕು.

ಒಣ ದಿನ ನನ್ನ ಗಾಡಿ 30ರ ಆಸುಪಾಸಿಗೆ ಇಳಿಯಿತು. ಮಳೆಯ ಮರುದಿನ ನೋಡಿದರೆ 400ರ ಹತ್ತಿರ ನಿಂತುಬಿಟ್ಟಿತು. ಲೆಕ್ಕ ಹಾಕಿ: 0.4 ಆಂಪ್ ಅಂದರೆ ದಿನಕ್ಕೆ ಸುಮಾರು 10 ಆಂಪ್ ಅವರ್. 70 ಆಂಪ್ ಅವರ್ ಬ್ಯಾಟರಿ ಮೂರು ದಿನದಲ್ಲಿ 40 ಪರ್ಸೆಂಟಿಗಿಂತ ಜಾಸ್ತಿ ಖಾಲಿ. ದಿನಾ ಓಡಿಸಿದರೆ ಆಲ್ಟರ್ನೇಟರ್ ತುಂಬಿಸಿಬಿಡುತ್ತದೆ, ಏನೂ ಗೊತ್ತಾಗುವುದಿಲ್ಲ.

ಯಾವ ಸರ್ಕ್ಯೂಟ್ ಅಂತ ಹುಡುಕಲು ಫ್ಯೂಸ್ ಕೀಳುತ್ತಾ ಹೋಗಬೇಡಿ. ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲ್ ಮತ್ತೆ ಏಳುತ್ತದೆ. ಫ್ಯೂಸಿನ ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಕಾಣುತ್ತವೆ. ಆ ಎರಡರ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಬಂದರೆ ಅಲ್ಲಿ ಕರೆಂಟು ಹರಿಯುತ್ತಿಲ್ಲ. ನನಗೆ ಬಾಗಿಲು, ಲಾಕ್, ದೀಪಗಳನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲಿನ ಫ್ಯೂಸಿನಲ್ಲಿ ಮಾತ್ರ ಮಿಲಿವೋಲ್ಟ್ ಕಂಡಿತು. ಅಂದರೆ ಅದನ್ನು ಯಾರೋ ಮಲಗಲು ಬಿಡುತ್ತಿಲ್ಲ. ಮಳೆ, ಬಾಗಿಲು, ಸ್ವಿಚ್ ಅಂತ ಯೋಚಿಸಿ ಹಿಂದಿನ ಟೇಲ್‌ಗೇಟ್ ಲಾಕಿನ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಬಿಚ್ಚಿದೆ. ಒಳಗೆ ನೀರಿನ ಹನಿ, ಒಂದು ಪಿನ್ ಮೇಲೆ ಹಸಿರು ಪುಡಿ. ನೀರು ಪಿನ್‌ಗಳನ್ನು ಜೋಡಿಸಿದಾಗ ಟೇಲ್‌ಗೇಟ್ ತೆಗೆದಿದೆ ಅಂದುಕೊಂಡು ಮಾಡ್ಯೂಲ್ ಎಚ್ಚರವಾಗೇ ಇರುತ್ತಿತ್ತು. ಕಪ್ಲರ್ ಬಿಚ್ಚಿಟ್ಟು ಕಾದಾಗ ಕರೆಂಟು 30ಕ್ಕೆ ಇಳಿಯಿತು.

ಇಷ್ಟು ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಎಂದಿನಂತೆ, “ಸರ್, ಸ್ಕ್ಯಾನರ್‌ನಲ್ಲಿ ಈಗ ಏನೂ ಬರ್ತಿಲ್ಲ” ಅಂದರು.

“ಸ್ಕ್ಯಾನರ್ ಬೇಡ ಸರ್, ಎಲೆಕ್ಟ್ರಿಷಿಯನ್‌ನ ಕರೀರಿ. ಇಲ್ಲೇ ಅಳೆದು ತೋರಿಸ್ತೀನಿ” ಅಂದೆ.

ಎಲೆಕ್ಟ್ರಿಷಿಯನ್ ಬಂದು 0.8 ಅನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಜಾಬ್ ಕಾರ್ಡಿನಲ್ಲಿ ‘ಚೆಕ್ ಮಾಡಿದೆ, ಸರಿ ಇದೆ’ ಅಂತ ಬರೆಯಲು ನಾನು ಬಿಡಲಿಲ್ಲ. ಎಲ್ಲಿಂದ ಎಲ್ಲಿಗೆ ಎಷ್ಟು ವೋಲ್ಟ್ ಅಂತಲೇ ಬರೆಸಿದೆ. ಮುಂದೆ ಅದೇ ತೊಂದರೆ ಮರುಕಳಿಸಿದರೆ ವಾರಂಟಿಯಲ್ಲಿ ಕೇಳಲು ನಮ್ಮ ಕೈಯಲ್ಲಿ ಇರುವುದು ಆ ಕಾಗದ ಮಾತ್ರ.

ಅವರು ಪಟ್ಟಿ ಬಿಚ್ಚಿ, ಉಂಗುರ ಕೂರುವಷ್ಟು ಜಾಗದ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದರು. ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದರು. ಟೇಲ್‌ಗೇಟ್ ಲಾಕನ್ನೂ ಕಪ್ಲರನ್ನೂ ಹೊಸದು ಹಾಕಿದರು. ಅಲ್ಲೇ ಮತ್ತೆ ಎಲ್ಲ ಲೋಡ್ ಹಾಕಿಸಿ ಅಳೆಸಿದೆ, 0.04 ಬಂತು. ಡೀಸೆಲ್ ಮುಳ್ಳು ಅಲ್ಲಾಡಲಿಲ್ಲ.

ಆಮೇಲಿನ ಮಳೆಗಾಲದಲ್ಲೂ ಗಾಡಿ ನಿಲ್ಲಿಸಿ ನೋಡಿದ್ದೇನೆ. ರಾತ್ರಿಯಿಡೀ ನಿಂತ ಬ್ಯಾಟರಿ ಬೆಳಿಗ್ಗೆ 12.5 ವೋಲ್ಟ್ ಮೇಲೇ ಇರುತ್ತದೆ. 12.2 ಅಂದರೆ ಅರ್ಧ ಖಾಲಿ ಅಂತ ಲೆಕ್ಕ, ಆ ಮಟ್ಟಕ್ಕೆ ಇನ್ನೊಮ್ಮೆ ಇಳಿದಿಲ್ಲ. ಹೆಚ್ಚುವರಿ ಲೈಟ್ ಹಾಕಿಸಿದಾಗಲೂ ಅದರ ಅರ್ತ್ ವೈರನ್ನು ಬ್ಯಾಟರಿ ಮೈನಸ್‌ಗೆ ನೇರ ಕೊಡಿಸದೆ ಚಾಸಿಯ ಅರ್ತ್ ಬೋಲ್ಟ್‌ಗೇ ಕೊಡಿಸಿದೆ. ಮೈನಸ್ ಟರ್ಮಿನಲ್ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ನೇರ ಕೊಟ್ಟ ಲೋಡ್ ಆ ಸೆನ್ಸರಿನ ಲೆಕ್ಕಕ್ಕೇ ಸಿಗುವುದಿಲ್ಲ, ಚಾರ್ಜಿಂಗ್ ತಪ್ಪುತ್ತದೆ.