ಗಂಧೆ ಮಾತ್ರೆ ನುಂಗಿದ ಮರುದಿನ ಬೆಳಿಗ್ಗೆ

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನಾವು ರೇಷ್ಮೆ ಬೆಳೆಯುತ್ತೇವೆ. ಹೋದ ವರ್ಷ ಹುಳ ನಾಲ್ಕನೇ ಜ್ವರ (ಪೊರೆ ಕಳಚುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಹೊತ್ತಿಗೇ ನನಗೆ ಮೈತುಂಬ ಗಂಧೆ ಎದ್ದಿತು. ಹಗಲು ಹೇಗೋ ತಡೆದುಕೊಳ್ಳುತ್ತಿದ್ದೆ. ರಾತ್ರಿ ಸೊಪ್ಪು ಹಾಕಿ ಬಂದು ಮಲಗಿದರೆ ತೊಡೆ, ಬೆನ್ನು, ಅಂಗೈ ಎಲ್ಲ ಕಡೆ ಕೆರೆತ. ಚರ್ಮದ ಡಾಕ್ಟರು ರಾತ್ರಿಗೆಂದು ಹೈಡ್ರಾಕ್ಸಿಜಿನ್ 25 ಮಿಲಿಗ್ರಾಂ ಮಾತ್ರೆ ಬರೆದರು. "ನಿದ್ದೆ ಬರುತ್ತೆ, ಗಾಡಿ ಓಡಿಸಬೇಡಿ" ಅಂದರು. ಮಾತ್ರೆ ತಗೊಂಡು ಮಲಗಿಬಿಡ್ತೀನಲ್ಲ, ಗಾಡಿಯ ಮಾತು ನನಗಲ್ಲ ಅಂದುಕೊಂಡೆ.

ಅಲ್ಲೇ ತಪ್ಪಿದ್ದು. ರಾತ್ರಿ 11ಕ್ಕೆ ನುಂಗಿದೆ. ಬೆಳಿಗ್ಗೆ 5ಕ್ಕೆ ಸೊಪ್ಪು ತರಲು ಬೈಕು ಹತ್ತಿದೆ. ತೂಕಡಿಕೆ ಇರಲಿಲ್ಲ, ಕಣ್ಣು ತೆರೆದೇ ಇತ್ತು. ಆದರೆ ಚಿಂತಾಮಣಿ ರಸ್ತೆಯ ತಿರುವು ಬಂದಾಗ ಕೈ ತಡವಾಗಿ ತಿರುಗಿತು. ಬೈಕು ಟಾರು ಬಿಟ್ಟು ಮಣ್ಣಿಗಿಳಿದು ನಿಂತಿತು. ಎದುರಿಗೆ ಲಾರಿ ಬಂದಿದ್ದರೆ? ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. ಗಂಧೆ ಏಳಿಸುವುದು ಮೈಯಲ್ಲೇ ಹುಟ್ಟುವ ಹಿಸ್ಟಮಿನ್ ಅನ್ನುವ ರಾಸಾಯನಿಕ. ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿ ಇಡುವುದರಲ್ಲೂ ಅದೇ ಹಿಸ್ಟಮಿನ್ ಕೈಯಿದೆ. ಈ ಹಳೇ ಕಾಲದ ಮಾತ್ರೆ ಮೆದುಳಿಗೂ ಹೋಗಿ ಅಲ್ಲೂ ಅದನ್ನು ತಡೆಯುತ್ತದೆ. ಮಾತ್ರೆಯ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು 20 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಅಂದರೆ ನಿದ್ದೆ ಮುಗಿದರೂ ಔಷಧಿ ಮುಗಿದಿರುವುದಿಲ್ಲ. ಕಾಫಿ ಕುಡಿದರೆ ಸರಿಹೋಗುತ್ತೆ ಅನ್ನುವುದೂ ಸುಳ್ಳೇ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಡಾಕ್ಟರನ್ನು ಕೇಳಿಕೊಂಡು ಮಾತ್ರೆಯನ್ನು ರಾತ್ರಿ 11ರ ಬದಲು 8 ಗಂಟೆಗೇ ನುಂಗತೊಡಗಿದೆ. ತಗೊಂಡ ಮರುದಿನ ಬೆಳಿಗ್ಗೆ ಬೈಕು ತಮ್ಮನ ಕೈಗೆ. ಸೊಪ್ಪು ಕತ್ತರಿಸುವ ಮೆಷಿನ್ ಹತ್ತಿರವೂ ನಾನು ಹೋಗುವುದಿಲ್ಲ, ಬೆರಳಿನ ವಿಷಯ ಅಲ್ವಾ. ಕೆರೆತ ಜಾಸ್ತಿ ಅಂತ ಎರಡನೇ ಮಾತ್ರೆ ಮುಟ್ಟಲಿಲ್ಲ. ನೆಂಟರ ಮದುವೆಯಲ್ಲಿ ಗ್ಲಾಸು ಮುಂದೆ ಬಂದಾಗ "ಮಾತ್ರೆ ತಗೊಳ್ತಿದ್ದೀನಿ" ಅಂತ ನೇರವಾಗಿ ಹೇಳಿದೆ. ಹೆಂಡದ ಜೊತೆ ಸೇರಿದರೆ ಮಂಪರು ಇನ್ನೂ ಹೆಚ್ಚುತ್ತದೆ, ಉಸಿರಾಟವೂ ಕುಗ್ಗಬಹುದು.

ನೆಗಡಿ ಬಂದಾಗ ಇನ್ನೊಂದು ವಿಷಯ ಕಲಿತೆ. ನೆಗಡಿ ಮಾತ್ರೆಯ ಹಾಳೆಯ ಹಿಂದೆ ಓದಿದರೆ ಕ್ಲೋರ್‌ಫೆನಿರಮಿನ್ ಅಂತಿತ್ತು. ಅದೂ ಇದೇ ಜಾತಿಯ, ನಿದ್ದೆ ತರಿಸುವ ಔಷಧಿ. ನಮ್ಮೂರಲ್ಲಿ ಗಂಧೆಗೆ ಸುಮ್ನೆ ನುಂಗುವ ಅವಿಲ್ ಕೂಡ ಅದೇ ಸಾಲಿನದು. ಹೆಸರು ಬೇರೆ ಅಂತ ಎರಡನ್ನೂ ನುಂಗಿದರೆ ಒಂದೇ ಕೆಲಸದ ಔಷಧಿ ಎರಡು ಪಾಲು ಒಳಗೆ ಹೋಗುತ್ತದೆ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇರುತ್ತದೆ, ಓದಿ ನೋಡಿ.

ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮನೆಯಲ್ಲಿ ಮಾತ್ರೆ ಹುಡುಕುತ್ತ ಕೂರಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು ಅಂತ ಡಾಕ್ಟರು ಎರಡೆರಡು ಸಲ ಹೇಳಿದ್ದರು. ನನಗೆ ಆ ಪರಿಸ್ಥಿತಿ ಬರಲಿಲ್ಲ.

ನನಗಿಂತ ದೊಡ್ಡ ಪೆಟ್ಟು ಬಿದ್ದದ್ದು ಅಪ್ಪನಿಗೆ. ಅವರಿಗೆ 76 ವರ್ಷ, ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆ ಮೊದಲಿಂದಲೂ ಇದೆ. ಕಾಲು ಕೆರೆಯುತ್ತೆ ಅಂತ ಗೋಡೆಯ ಗೂಡಿನಲ್ಲಿಟ್ಟಿದ್ದ ನನ್ನ ಮಾತ್ರೆಯನ್ನು ಎರಡು ರಾತ್ರಿ ತಗೊಂಡಿದ್ದರು. ಮೂರನೇ ದಿನ ಮೂತ್ರ ಕಟ್ಟಿತು. "ಹುಳಕ್ಕೆ ಸೊಪ್ಪು ಹಾಕಿದ್ರಾ" ಅಂತ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಆಗ ಹುಳದ ಮನೆ ಖಾಲಿಯಿತ್ತು. ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಮೂತ್ರ ತೆಗೆದರು. ವಯಸ್ಸಾದವರಿಗೆ ಈ ಮಾತ್ರೆಯಿಂದ ಗೊಂದಲವಾಗಬಹುದು, ಬೀಳಬಹುದು, ಮೂತ್ರ ಕಟ್ಟಬಹುದು, ಕಣ್ಣಿನ ಒತ್ತಡ ಇರುವವರಿಗೂ ಅಪಾಯ ಅಂತ ಅಲ್ಲಿ ತಿಳಿಯಿತು. ಮಾತ್ರೆಯನ್ನು ಕೈಗೆ ಸಿಗುವ ಕಡೆ ಇಟ್ಟವನು ನಾನೇ. ಎರಡು ದಿನಕ್ಕೆ ಅವರು ಸುಧಾರಿಸಿದರು.

ಈಗ ನನಗೆ ಹಗಲಿಗೆ ಫೆಕ್ಸೊಫೆನಡಿನ್ ಕೊಟ್ಟಿದ್ದಾರೆ, ನಿದ್ದೆ ಅಷ್ಟಾಗಿ ತರಿಸುವುದಿಲ್ಲ. ಹಣ್ಣಿನ ಜ್ಯೂಸ್ ಜೊತೆ ಬೇಡ, ನೀರಲ್ಲೇ ತಗೊಳ್ಳಿ ಅಂದಿದ್ದಾರೆ. ರಾತ್ರಿಯ ಹಳೇ ಮಾತ್ರೆ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹೆಂಡತಿಯ ಹತ್ತಿರ. ಮೊನ್ನೆ ಅಪ್ಪ ಕಾಲು ಕೆರೆದುಕೊಳ್ಳುತ್ತ ಬಂದು, "ಆ ಮಾತ್ರೆ ನಂಗೆ ಬೇಡಪ್ಪ, ಡಾಕ್ಟರ ಹತ್ರ ಕರ್ಕೊಂಡು ಹೋಗು" ಅಂದರು. ಸಂಜೆಯೇ ಹೊರಟೆವು.