ಬಲ್ಬಿನಿಂದ ಶುರುವಾದ ಹಾವಿನ ಕೆಲಸ

ಸುಳ್ಯದ ಆಸುಪಾಸಿನ ಹಂಚಿನ ಮನೆಯೊಂದರಲ್ಲಿ ಎರಡು ಮಳೆಗಾಲ ಹಾವು ಒಳಹೊಗದೆ ಕಳೆಯಿತು ಎಂದರೆ ಇಲ್ಲಿಯವರು ಸುಲಭಕ್ಕೆ ನಂಬುವುದಿಲ್ಲ. ನಂಬದವರಲ್ಲಿ ಕೆಲವರು ಈಚೆಗೆ ಅಳತೆಯ ಟೇಪು ಹಿಡಿದುಕೊಂಡು ನಮ್ಮ ಬಚ್ಚಲಿನ ಕೊಳವೆ ನೋಡಲು ಬರುತ್ತಿರುವುದರಿಂದ, ಒಬ್ಬೊಬ್ಬರಿಗೂ ಬಾಯಲ್ಲಿ ವಿವರಿಸುವ ಬದಲು ಬರೆದಿಡುವುದೇ ಲೇಸೆಂದು ತೋರಿತು. ತೋಟದ ಮನೆ, ಹಟ್ಟಿ (ದನದ ಕೊಟ್ಟಿಗೆ), ಅಡಿಕೆಯ ಅಂಗಳ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಯಾವ ಹಾವು ಎಂಥದ್ದು, ಗಾರೆಯ ಹದ ಹೇಗಿರಬೇಕು ಎಂಬುದು ನಿಮಗೆ ಗೊತ್ತಿರುವ ಸಂಗತಿ.

ನಾವು ಇಳಿದು ಬಂದದ್ದು ಊಟಿಯಿಂದ. ಸುಮಾರು 2,200 ಮೀಟರ್ ಎತ್ತರದ ಆ ಊರಿನ ಚಹಾ ಕಾರ್ಖಾನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ನನಗೆ ಹುಳವೆಂದರೆ ಎಲೆಕೋಸಿನ ಹುಳ, ಹಾವೆಂದರೆ ಮಣ್ಣು ಅಗೆಯುವಾಗ ಅಪರೂಪಕ್ಕೆ ಸಿಗುವ, ಯಾರಿಗೂ ಏನೂ ಮಾಡದ ಮೊಂಡುಬಾಲದ ಬಡಪಾಯಿ. ಹೆಂಡತಿಯ ತವರಿನಿಂದ ಪಾಲಿಗೆ ಬಂದ ತೋಟ ನೋಡಿಕೊಳ್ಳಲು, ಸಮುದ್ರಮಟ್ಟಕ್ಕಿಂತ ನೂರು ಮೀಟರಿನಷ್ಟೇ ಮೇಲಿರುವ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಈ ಸೆಕೆಯ ಸೀಮೆಗೆ ಬರುವುದೆಂದು ತೀರ್ಮಾನವಾದಾಗ ಆಕೆಗಿಂತ ನನಗೇ ಹೆದರಿಕೆ ಹೆಚ್ಚಾಗಿತ್ತು. ಆಕೆ ಇಲ್ಲಿಯೇ ಹುಟ್ಟಿ ಬೆಳೆದವಳು; ಜಗಲಿಯ ಅಂಚಿನಲ್ಲಿ ಕೇರೆ ಹಾವು ಹರಿದುಹೋದರೆ "ಇಲಿ ಹಿಡಿಯಲು ಬಂದದ್ದು, ಅದರ ಪಾಡಿಗೆ ಹೋಗಲಿ ಬಿಡಿ" ಎಂದು ಹೂ ಕಟ್ಟುವುದನ್ನು ಮುಂದುವರಿಸುವವಳು. ಆದರೆ ಮೊದಲ ಮಳೆಗಾಲದಲ್ಲೇ ಬಚ್ಚಲಿನಲ್ಲಿ ಕಡುವಿಷದ ಕಟ್ಟುಹಾವು ಕಾಣಿಸಿಕೊಂಡ ಮೇಲೆ, ಅಂಬೆಗಾಲಿಡುವ ಮೊಮ್ಮಗಳು ರಜೆಗೆ ಬರುವವಳಿದ್ದುದರಿಂದ, ಆಕೆಯೂ ನನ್ನ ಮಾತಿಗೆ ತಲೆದೂಗಿದಳು.

ಕೊಲ್ಲುವ ಮಾತು ಮೊದಲಿನಿಂದಲೂ ಇರಲಿಲ್ಲ. 1972ರ ವನ್ಯಜೀವಿ ಕಾಯಿದೆ ಹಾಗಿರಲಿ, ತೋಟದ ಮೂಲೆಯಲ್ಲಿಯೇ ನಾಗಬನವಿರುವ, ಸತ್ತ ನಾಗರಹಾವು ಕಣ್ಣಿಗೆ ಬಿದ್ದರೂ ಸಂಸ್ಕಾರ ಮಾಡಿಸುವ ಊರಿನಲ್ಲಿ ಅಂಥ ಮಾತು ಬಾಯಿಂದ ಹೊರಡುವಂಥದ್ದಲ್ಲ. ಹೀಗಾಗಿ ಮೊದಲ ವರ್ಷದ ಹಣವೆಲ್ಲ ಓಡಿಸುವ ಉಪಾಯಗಳಿಗೇ ಖರ್ಚಾಯಿತು. ಕಾರ್ಬಾಲಿಕ್ ಆಮ್ಲವನ್ನು ಬಾಟಲಿಗಳಲ್ಲಿ ತುಂಬಿ ಮನೆಯ ನಾಲ್ಕೂ ಮೂಲೆಗೆ ಇಟ್ಟದ್ದರಿಂದ ನಮಗೆ ತಲೆನೋವು ಬಂತೇ ಹೊರತು, ಒಂದು ಬಾಟಲಿಯ ಪಕ್ಕದಲ್ಲಿಯೇ ನೀರೊಳ್ಳೆ ಸುರುಳಿ ಸುತ್ತಿ ಮಲಗಿತ್ತು. ಫಿನೈಲು ಇಲ್ಲಿಯ ಮಳೆಗೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ನೆಲಕ್ಕೆ ಚುಚ್ಚುವ, ಬಿಸಿಲಿನಿಂದ ನಡೆಯುವ, ಹಾವಿಗೆ ಮಾತ್ರ ಕೇಳಿಸುವ ಸದ್ದು ಮಾಡುತ್ತದೆಂದು ಹೇಳಿ ಮಾರುವ ಸಾಧನದ ಜೋಡಿಯೊಂದಕ್ಕೆ ಎರಡು ಸಾವಿರದಷ್ಟು ಕೊಟ್ಟೆ. ಹಾವಿಗೆ ತಿಳಿಯುವುದು ನೆಲದ ಕಂಪನ ಮತ್ತು ತಗ್ಗಿನ ಸದ್ದುಗಳು ಮಾತ್ರವಾದ್ದರಿಂದ ಆ ಕಿರುಗುಟ್ಟುವಿಕೆಯನ್ನು ಕೇಳಿಸಿಕೊಂಡವರು ನಾವು ಮತ್ತು ನಾಯಿ. ಕೀಟನಿಯಂತ್ರಣದವರು ಬಂದು ಅಟ್ಟದ ತುಂಬ ಔಷಧಿ ಹೊಡೆದು ಏಳೆಂಟು ಸಾವಿರ ತೆಗೆದುಕೊಂಡು ಹೋದರು. ಎಲ್ಲ ಸೇರಿ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಈ ಸಾಲಿನ ಕೊನೆಯ ಪ್ರಯೋಗ ಗಂಧಕದ ಪುಡಿಯದು. ಗೋಡೆಯ ಬುಡಕ್ಕೆ ಸುತ್ತಲೂ ಎಳೆದ ಹಳದಿ ಗೆರೆಯನ್ನು ಹಾವು ದಾಟುವುದಿಲ್ಲ ಎಂದು ಹೇಳಿದವರಿದ್ದರು. ಬೆಳಿಗ್ಗೆ ನೋಡಿದರೆ ಗೆರೆಯ ಮೇಲೆಯೇ ಹಾವು ಹರಿದ ಗುರುತು ಸ್ಪಷ್ಟವಾಗಿ ಮೂಡಿತ್ತು. ತಡೆಯುವುದಕ್ಕೆ ಬಾರದ ಗಂಧಕ, ಅದು ಎಲ್ಲಿ ದಾಟಿತೆಂಬುದನ್ನು ಮಾತ್ರ ಚೆನ್ನಾಗಿ ತೋರಿಸಿಕೊಟ್ಟಿತ್ತು. ಅದೇ ಕೆಲಸಕ್ಕೆ ಗಂಧಕವೇಕೆ, ಬಚ್ಚಲ ಒಲೆಯ ಬೂದಿ ಸಾಲದೇ ಎಂದು ಮರುದಿನದಿಂದಲೇ ಬೂದಿಯನ್ನು ಜರಡಿ ಹಿಡಿದು, ಸಂಜೆಯ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದು ಗೇಣು ಅಗಲಕ್ಕೆ ತೆಳ್ಳಗೆ ಹರಡಿ, ಬೆಳಿಗ್ಗೆ ಚಹಾ ಕುಡಿಯುವ ಮುಂಚೆ ಓದಲಾರಂಭಿಸಿದೆ. ಓದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕೆಲವು ವಾರಗಳಲ್ಲಿ ಇಲಿಯ ಹೆಜ್ಜೆ, ಕಪ್ಪೆಯ ಕುಪ್ಪಳಿಕೆ, ಜರಿಯ ಗೀರು, ಹಾವಿನ ಅಲೆ ಇವೆಲ್ಲ ಬೇರೆಬೇರೆಯಾಗಿ ಗುರುತಿಗೆ ಬರತೊಡಗುತ್ತವೆ. ಮಳೆ ಹಿಡಿದ ಮೇಲೆ ಇದು ನಡೆಯದಾದ್ದರಿಂದ ಫೆಬ್ರವರಿಯಿಂದ ಮೇ ತಿಂಗಳೊಳಗೆ ಮುಗಿಸಬೇಕು.

ಬೂದಿ ಹೇಳಿದ ಸಂಗತಿ ಸರಳವಾಗಿತ್ತು. ಹಾವು ಮನೆಯ ಸುತ್ತ ಕಂಡಕಂಡಲ್ಲಿ ತಿರುಗುತ್ತಿರಲಿಲ್ಲ. ಬಚ್ಚಲಿನ ಕೊಳವೆ, ಹಟ್ಟಿಯಲ್ಲಿ ಹಿಂಡಿ ಇಡುವ ಮೂಲೆ ಮತ್ತು ಜಗಲಿಯ ದೀಪದ ಕೆಳಗಿನ ಮೆಟ್ಟಿಲು, ಈ ಮೂರು ಜಾಗಗಳಲ್ಲೇ ಗುರುತುಗಳು ಮತ್ತೆ ಮತ್ತೆ ಬೀಳುತ್ತಿದ್ದವು. ಮೊದಲ ಎರಡು ಅರ್ಥವಾಗುವಂಥವೇ. ಮೂರನೆಯದು ನನ್ನನ್ನು ಬಹಳ ಕಾಡಿ, ಒಂದು ರಾತ್ರಿ ಕಿಟಕಿಯೊಳಗಿನಿಂದ ನೋಡುತ್ತ ಕುಳಿತಾಗ ಬಗೆಹರಿಯಿತು. ಬಾಗಿಲ ಮೇಲಿನ ಬಿಳಿಯ ಎಲ್‌ಇಡಿ ಬಲ್ಬಿಗೆ ಹುಳಗಳು ಮುತ್ತುತ್ತಿದ್ದವು, ಉದುರಿದ ಹುಳಗಳಿಗೆ ಕಪ್ಪೆಗಳು ಸಾಲುಗಟ್ಟುತ್ತಿದ್ದವು, ಕಪ್ಪೆಗಳಿಗಾಗಿ ಹಾವು ಬರುತ್ತಿತ್ತು. ಹಾವಿಗೆ ಹೆದರಿ ಇಡೀ ರಾತ್ರಿ ದೀಪ ಉರಿಸುತ್ತಿದ್ದ ಮನೆಗೇ ಹಾವು ಹೆಚ್ಚು ಬರುತ್ತಿತ್ತು ಎಂಬುದು ಈ ಭಾಗದ ಅನೇಕ ಮನೆಗಳ ಮಟ್ಟಿಗೂ ನಿಜವೆಂದು ನನ್ನ ಖಚಿತ ಅಭಿಪ್ರಾಯ.

ಬಿಳಿಯ ಬಲ್ಬನ್ನು ಅಂಗಳದಾಚೆ ನಲವತ್ತು ಅಡಿ ದೂರದ ಕಂಬಕ್ಕೆ ಸಾಗಿಸಿ, ಬಾಗಿಲಿಗೆ ಕಡಿಮೆ ವಾಟಿನ ಹಳದಿ ಬಲ್ಬು ಹಾಕಿ, ಬೇಕಾದಾಗ ಮಾತ್ರ ಉರಿಯುವಂತೆ ಸ್ವಿಚ್ಚನ್ನು ಒಳಗೆ ಕೊಟ್ಟೆ. ವಯರು ಸಹಿತ ಏಳುನೂರು ರೂಪಾಯಿ ಆಗಿರಬಹುದು. ಹತ್ತು ದಿನ ಕಳೆಯುವುದರೊಳಗೆ ಮೆಟ್ಟಿಲಿನ ಕಪ್ಪೆಗಳು ಕಂಬದ ಬುಡಕ್ಕೆ ವರ್ಗವಾದವು. ಬೂದಿಯ ಮೇಲಿನ ಅಲೆಯೂ ಅತ್ತಲೇ ಹೋಯಿತು. ಇಪ್ಪತ್ತು ಸಾವಿರ ಮಾಡದ ಕೆಲಸವನ್ನು ಏಳುನೂರು ಮಾಡಿತೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದು ನಿಜ.

ಮುಂದಿನ ಹೆಜ್ಜೆಯಾಗಿ ಜಾಲರಿಯ ಮಾತೆತ್ತಿದಾಗ ಆಚೆಮನೆಯವರು, "ಭಾವ, ಹಾವಿಗೆ ಬಲೆ ಕಟ್ಟುವುದಾ? ಹಾಗಾದರೆ ಗುಡ್ಡೆಗೆ ಇಡೀ ಕಟ್ಟಬೇಕಾದೀತು" ಎಂದು ನಕ್ಕರು. ಗುಡ್ಡೆಗೆ ಕಟ್ಟಬೇಕಾಗಿರಲಿಲ್ಲ, ಕಾಲು ಇಂಚಿಗಿಂತ ದೊಡ್ಡದಾದ ತೂತುಗಳಿಗೆ ಕಟ್ಟಿದರೆ ಸಾಕಾಗಿತ್ತು. ಕಟ್ಟುಹಾವಿನ ಮರಿ ಪೆನ್ಸಿಲಿನಷ್ಟೇ ದಪ್ಪವಿರುವುದರಿಂದ ಅರ್ಧ ಇಂಚಿನ ಜಾಲರಿಯಿಂದ ಪ್ರಯೋಜನವಿಲ್ಲ. ತುಕ್ಕು ಹಿಡಿಯುವ ಅಗ್ಗದ ಜಾಲರಿ ಇಲ್ಲಿಯ ಒಂದು ಮಳೆಗಾಲಕ್ಕೇ ಪುಡಿಯಾಯಿತು. ಎರಡನೆಯ ಸಲ ಸ್ಟೇನ್‌ಲೆಸ್ ಸ್ಟೀಲಿನದನ್ನೇ ತಂದೆ, ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಪೈಪು ಗೋಡೆಯೊಳಗೆ ಹೋಗುವ ಸಂದುಗಳಿಗೆ ಹಾಕಿದ ಉಬ್ಬುವ ಫೋಮನ್ನು, ಡಬ್ಬಿಗೆ ಐನೂರರಂತೆ ಕೊಟ್ಟದ್ದನ್ನು, ಇಲಿಗಳು ವಾರದೊಳಗೆ ಕೊರೆದವು. ಅಲ್ಲಿಗೆಲ್ಲ ಸ್ಟೀಲಿನ ನಾರನ್ನು ತುರುಕಿ ಮೇಲೆ ಸಿಮೆಂಟು ಬಳಿದ ಮೇಲೆ ಇಲ್ಲಿಯವರೆಗೆ ಕದಲಿಲ್ಲ. ಹಿಂಬಾಗಿಲ ಅಡಿಯ ರಬ್ಬರಿನ ಪಟ್ಟಿಯ ಗತಿಯೂ ಫೋಮಿನದೇ ಆಯಿತು. ಈಗ ಅಲ್ಯೂಮಿನಿಯಂ ಪಟ್ಟಿ ಇದೆ. ಬಚ್ಚಲಿನ ಕೊಳವೆಯ ಒಳತುದಿಗೆ ಜಾಲರಿ ಹಾಕಿದರೆ ಕೂದಲು, ಸಾಬೂನು ಕಟ್ಟಿ ನೀರು ನಿಲ್ಲುತ್ತದೆ. ಹೊರತುದಿಗೆ, ಕೈಯಿಂದ ತಿರುಗಿಸಿ ತೆಗೆಯಲು ಬರುವ ಪಿವಿಸಿ ಮುಚ್ಚಳದಲ್ಲಿ ಜಾಲರಿ ಕೂರಿಸಿ, ವಾರಕ್ಕೊಮ್ಮೆ ತೊಳೆಯುವುದೇ ಸರಿ. ನೀರು ನಿಂತಿರುವ ಬಾಗು ಕೊಳವೆ ಇದ್ದರೆ ಹಾವು ಬಾರದೆಂದು ಪ್ಲಂಬರ್ ಹೇಳಿದ್ದನ್ನು ನಂಬಬೇಡಿ, ಈಜು ಬಾರದ ಹಾವಿಲ್ಲ.

ಮನೆಯ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಗೆ, ಕಟ್ಟಿದ ಮುರಕಲ್ಲಿನ (ಜಂಬಿಟ್ಟಿಗೆಯ) ಒಣಗೋಡೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಗಾರೆಯಿಲ್ಲದೆ ಜೋಡಿಸಿದ ಮೂವತ್ತು ಅಡಿ ಉದ್ದದ ಆ ಕಟ್ಟೆಯ ಪ್ರತಿಯೊಂದು ಸಂದೂ ಇಲಿಗೆ, ಚೇಳಿಗೆ, ಹಾವಿಗೆ ಮನೆಯೇ. ಒಮ್ಮೆಲೇ ಮುಚ್ಚಿದರೆ ಒಳಗಿದ್ದದ್ದು ಒಳಗೇ ಸಾಯುತ್ತದೆ, ಅದು ನಾಗರವಾಗಿದ್ದರೆ ಮುಂದಿನ ಖರ್ಚು ಕುಕ್ಕೆ ಸುಬ್ರಹ್ಮಣ್ಯದಲ್ಲಿ, ಅದರ ಸಂಸ್ಕಾರಕ್ಕೆ. ಆದ್ದರಿಂದ ಮೇಸ್ತ್ರಿಯಿಂದ ಒಂದು ಬಾಯಿ ಬಿಟ್ಟು ಉಳಿದದ್ದನ್ನೆಲ್ಲ ಗಾರೆ ತುಂಬಿಸಿ, ಒಳಗಿನವು ಹೊರಡಲು ಎರಡು ವಾರ ಕೊಟ್ಟು, ಬೂದಿಯಲ್ಲಿ ಹೊರಹೋದ ಗುರುತನ್ನು ನೋಡಿಕೊಂಡು, ಕೊನೆಗೆ ಆ ಬಾಯಿಯನ್ನೂ ಮುಚ್ಚಿಸಿದೆ. ಹೊರಬಂದದ್ದು ಅದೇ ಬಾಯಿಯಿಂದ ಮತ್ತೆ ಒಳಹೋಗದಂತೆ ಅಲ್ಲಿ ಏನು ಕೂರಿಸಿದ್ದೆನೆಂಬುದನ್ನು ಮನೆಗೆ ಬಂದವರಿಗಷ್ಟೇ ತೋರಿಸುತ್ತೇನೆ. ಮೇಸ್ತ್ರಿಯ ಕೂಲಿ, ಸಿಮೆಂಟು, ಮರಳು ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋದೀತು.

ಇಲಿಯ ವಿಚಾರದಲ್ಲಿ ವಿಷ ಇಡುವುದನ್ನು ನಾನು ಒಪ್ಪುವುದಿಲ್ಲ. ಅಟ್ಟದಲ್ಲಿ ಸತ್ತು ನಾರುವುದು ಒಂದು, ಬೆಕ್ಕು ತಿಂದು ಸಾಯುವುದು ಇನ್ನೊಂದು. ಹಿಂಡಿ, ಬೂಸಾಗಳನ್ನು ಬಿಗಿಮುಚ್ಚಳದ ಡ್ರಮ್ಮುಗಳಿಗೆ ಸೇರಿಸಿ, ಅಡಿಕೆಯ ಗೋಣಿಗಳನ್ನು ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಹಲಗೆಯ ಮೇಲೆ ಏರಿಸಿ, ಕಟ್ಟಿಗೆ ಮತ್ತು ತೆಂಗಿನಸಿಪ್ಪೆಯ ರಾಶಿಯನ್ನು ಬಚ್ಚಲಿನ ಒತ್ತಿನಿಂದ ತೋಟದ ಅಂಚಿಗೆ ಸಾಗಿಸಿದೆ. ಸಿಪ್ಪೆಯನ್ನು ದಿನಾ ಅಷ್ಟು ದೂರದಿಂದ ತರುವವರು ಯಾರು ಎಂದು ಮನೆಯಲ್ಲಿ ಕೆಲವು ದಿನ ಗುಡುಗಿತು. ಈಗ ಬೆಳಗಿನ ಆ ಕೆಲಸ ನನ್ನದು. ಉಳಿದ ಇಲಿಗಳಿಗೆ ಬೋನು. ಬೋನಿಗೆ ಸುಟ್ಟ ಕೊಬ್ಬರಿ ಎಲ್ಲರೂ ಇಡುತ್ತಾರೆ, ನಾನು ಅದಕ್ಕೆ ಬೆರೆಸುವ ವಸ್ತುವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೋನು ಖಾಲಿ ಉಳಿದ ರಾತ್ರಿಗಳು ಆಗ ಕಡಿಮೆ.

ಹುಳಗಳಲ್ಲಿ ನಮ್ಮನ್ನು ಅತಿಯಾಗಿ ಕಂಗೆಡಿಸಿದ್ದು ರಬ್ಬರ್ ತೋಟದ ಕರಿಹುಳ, ಕೇರಳದ ಕಡೆಯವರು ಮುಪ್ಲಿ ಎನ್ನುವಂಥದ್ದು. ಏಪ್ರಿಲಿನ ಮೊದಲ ಮಳೆ ಬಿದ್ದ ಸಂಜೆ ಸಾವಿರಗಟ್ಟಲೆ ಹಾರಿಬಂದು ಹಂಚಿನ ಸಂದಿನಲ್ಲಿ, ಪಕ್ಕಾಸಿನ (ಹಂಚು ಹೊರುವ ಮರದ ಪಟ್ಟಿಯ) ಮೇಲೆ ಗೊಂಚಲುಗಟ್ಟಿ ತಿಂಗಳುಗಟ್ಟಲೆ ಅಲ್ಲಿಯೇ ಕುಳಿತುಬಿಡುತ್ತದೆ. ಕಚ್ಚುವುದಿಲ್ಲ, ಆದರೆ ಹಾಸಿಗೆಗೆ ಉದುರಿ ಮೈಗೆ ಉಜ್ಜಿದರೆ ಅದು ಬಿಡುವ ರಸ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ಕೇಳುವುದೇ ಬೇಡ. ಔಷಧಿ ಹೊಡೆದರೆ ಸತ್ತ ಹುಳಗಳು ಅನ್ನದ ತಟ್ಟೆಗೆ ಉದುರುತ್ತವೆ, ಅಷ್ಟೇ ವ್ಯತ್ಯಾಸ. ಅದು ಮರಿ ಮಾಡುವುದು ಚಳಿಗಾಲದಲ್ಲಿ ಉದುರಿದ ರಬ್ಬರ್ ಎಲೆಯ ಹಾಸಿನಲ್ಲಾದ್ದರಿಂದ, ನೆರೆಯವರ ಅನುಮತಿ ಪಡೆದು ನಮ್ಮ ಬೇಲಿಯಾಚೆಯ ಎಲೆಗಳನ್ನು ಫೆಬ್ರವರಿಯಲ್ಲಿಯೇ ಗುಡಿಸಿ ದೂರ ಸಾಗಿಸುತ್ತೇನೆ. ಮೊದಲ ಮಳೆಯ ಸಂಜೆ ಎರಡು ಗಂಟೆ ಕಾಲ ಮನೆಯನ್ನು ಪೂರ್ತಿ ಕತ್ತಲಲ್ಲಿಟ್ಟು, ಆಚೆಯ ಕಂಬದ ಬಿಳಿ ಬಲ್ಬಿನಡಿ ಸಾಬೂನು ನೀರಿನ ಅಗಲ ಬಾನಿ ಇಡುತ್ತೇನೆ. ಕಳೆದ ಸಲ ಬೆಳಿಗ್ಗೆ ಬಾನಿಯಿಂದ ಹೊರತೆಗೆದದ್ದು ನಾಲ್ಕೈದು ಸೇರು ಇದ್ದಿರಬಹುದು. ಮನೆಯೊಳಗೆ ಬಂದವು ಗುಡಿಸಿ ಎತ್ತುವಷ್ಟು ಮಾತ್ರ. ಸೊಳ್ಳೆಗೆ ವಿಶೇಷವೇನನ್ನೂ ಮಾಡಿಲ್ಲ: ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆಗಳಲ್ಲಿ ನೀರು ನಿಲ್ಲದಂತೆ ವಾರಕ್ಕೊಮ್ಮೆ ಹೆಕ್ಕಿ ಕವುಚಿ ಹಾಕುವುದಷ್ಟೇ.

ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದ್ದೆ. ಗಿನಿಕೋಳಿ ಇದ್ದಲ್ಲಿ ಹಾವು ಬಾರದೆಂದು ಕೇಳಿ ಆರು ಮರಿ ತಂದೆ. ಅವುಗಳ ಗದ್ದಲಕ್ಕೆ ಹಾವು ಹೆದರಿತೋ ತಿಳಿಯದು, ನಾವಂತೂ ಮಧ್ಯಾಹ್ನದ ನಿದ್ದೆ ಕಳೆದುಕೊಂಡೆವು, ಕೊನೆಗೆ ಒಂದೊಂದಾಗಿ ಮುಂಗುಸಿಯ ಪಾಲಾದವು. ಬೆಕ್ಕಿನಿಂದ ಇಲಿ ಕಡಿಮೆಯಾದದ್ದು ಹೌದು, ಆದರೆ ಅದು ಅರೆಜೀವದ ಹಾವುಗಳನ್ನು ಕಚ್ಚಿಕೊಂಡು ಒಳಗೆ ತರುವ ಅಭ್ಯಾಸ ಇಟ್ಟುಕೊಂಡಿದ್ದರಿಂದ ರಾತ್ರಿ ಅದರ ವಾಸ ಹಟ್ಟಿಯಲ್ಲಿ. ಕಾಡುಪ್ರಾಣಿಗಳಿಗೆ ಇಡುವ ಕ್ಯಾಮೆರಾವನ್ನು ಮಗ ತಂದು ಕೊಳವೆಯ ಎದುರು ಕಟ್ಟಿದ; ಮೈಬಿಸಿಯಿಂದ ಚಾಲೂ ಆಗುವ ಆ ಯಂತ್ರ ತಣ್ಣನೆಯ ಹಾವನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ, ನನ್ನ ಪಂಚೆಯ ಅಂಚನ್ನು ಮಾತ್ರ ನೂರಾರು ಬಾರಿ ಸೆರೆಹಿಡಿಯಿತು. ಬೂದಿಯೇ ಮೇಲೆಂದು ಮಗನೂ ಒಪ್ಪಿಕೊಂಡ.

ಇಷ್ಟೆಲ್ಲ ಮಾಡಿದ ಮೇಲೂ ಮಲಗುವುದು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿಯೇ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದಲ್ಲಿ ಮಲಗಿದವರನ್ನು, ಅದೂ ನೋವೇ ಗೊತ್ತಾಗದಂತೆ. ಈ ಒಂದು ವಿಷಯದಲ್ಲಿ ಇನ್ನೂರೈವತ್ತು ರೂಪಾಯಿಯ ಪರದೆಗೆ ಸಮನಾದದ್ದಿಲ್ಲ. ತೋಟಕ್ಕೆ ಸೊಪ್ಪು ಹಾಕಿದ ಮೇಲೆ ಗಂಬೂಟಿಲ್ಲದೆ ಯಾರೂ ಇಳಿಯಬಾರದೆಂದು ಕಟ್ಟುನಿಟ್ಟು ಮಾಡಿ, ಕೆಲಸದವರಿಗೂ ನಾನೇ ತೆಗೆಸಿಕೊಟ್ಟಿದ್ದೇನೆ. ಒಣಸೊಪ್ಪಿನ ಬಣ್ಣದ, ಮೂತಿ ಮೇಲೆತ್ತಿದ ಗಿಡ್ಡ ಮಂಡಲವೊಂದು ಅಡಿಕೆ ತೋಟಗಳಲ್ಲಿದೆ. ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರವಾದ್ದರಿಂದ ಅದರ ಕಡಿತ ತಪ್ಪಿಸಿಕೊಳ್ಳಲು ಬೂಟೇ ದಾರಿ. 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ನಮ್ಮ ರಾಜ್ಯದಲ್ಲಿ ನಿಯಮವಾಗಿದೆ. ಆದರೂ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆಗೆ ಉಸಿರಾಟದ ಯಂತ್ರವೂ ಇದೆಯೆಂಬುದನ್ನು ಮಳೆಗಾಲಕ್ಕೆ ಮುಂಚೆ ನೀವೇ ವಿಚಾರಿಸಿಟ್ಟುಕೊಳ್ಳಿ.

ಜಾಲರಿ, ಗಾರೆ, ಡ್ರಮ್ಮು, ಬೋನು, ಬೂಟು ಎಲ್ಲ ಸೇರಿ ನಲವತ್ತು ಸಾವಿರದ ಒಳಗೆ ಮುಗಿದಿದೆ. ಮೇಸ್ತ್ರಿ ಕೆಲಸ ತಾವೇ ಮಾಡಬಲ್ಲವರಿಗೆ ಇಪ್ಪತ್ತೈದಕ್ಕೆ ಆದೀತು. ಬಲೆಯ ಮಾತಿಗೆ ನಕ್ಕಿದ್ದ ಆಚೆಮನೆಯ ಭಾವ ಕಳೆದ ತಿಂಗಳು ಉಳಿದ ಜಾಲರಿಯ ತುಂಡುಗಳನ್ನು ಕೇಳಿ ಪಡೆದುಕೊಂಡು ಹೋದರು. ಹಲ್ಲಿಗಳ ಆಸೆಗೆ ಗೋಡೆ ಹತ್ತುವ ತೋಳಹಾವು ಮಾತ್ರ ಹಟ್ಟಿಯ ಮಾಡಿನಲ್ಲಿ (ಚಾವಣಿಯಲ್ಲಿ) ಈಗಲೂ ಇದೆ. ವಿಷವಿಲ್ಲದ್ದಾದರೂ ಕಟ್ಟುಹಾವನ್ನೇ ಹೋಲುವುದರಿಂದ ಹಾಲು ಕರೆಯುವವಳು ಕಿರುಚುತ್ತಾಳೆ. ಮಾಡಿನಂಚಿಗೆ ಜಾಲರಿ ಹೊಡೆಸಲು ಬಡಗಿ ಹನ್ನೊಂದು ಸಾವಿರ ಕೇಳಿದ್ದಾನೆ, ನಾನು ಎಂಟಕ್ಕೆ ಪಟ್ಟು ಹಿಡಿದಿದ್ದೇನೆ.