ಹಿಮ ಬೆಳ್ಳಗೇ ಬರಬೇಕಾದರೆ

ಮದುವೆ ಫೋಟೊ ತೆಗೆಯುವವರಿಗೆ ಬಿಳುಪಿನ ಕಾಟ ಹೊಸದಲ್ಲ. ಮಂಡ್ಯದ ಛತ್ರಗಳಲ್ಲಿ ವರನ ಪಂಚೆ, ಶಲ್ಯ, ಹಿಂದಿನ ಪರದೆ ಎಲ್ಲವೂ ಬಿಳಿ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲವೂ ಮಾಸಲು. ಹಾಗಾಗಿ ನಾನು ಮದುವೆ ಮಾಡಿಕೊಟ್ಟ ಜೋಡಿಯೊಂದು, ಅಂದರೆ ಫೋಟೊ ಮಾಡಿಕೊಟ್ಟ ಜೋಡಿ, ಹಿಮಾಚಲದ ಸಿಸ್ಸುವಿನಲ್ಲಿ ಸ್ನೋ ಶೂಟ್ ಬೇಕೆಂದಾಗ ತೊಂದರೆ ಎಲ್ಲಿ ಬರುತ್ತದೆಂದು ಗೊತ್ತಿತ್ತು. ಎಷ್ಟು ಬರುತ್ತದೆ ಅನ್ನುವುದಷ್ಟೇ ನೋಡಬೇಕಿತ್ತು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಹಿಮವೋ ಎಮ್ಮೆಯೋ ತಿಳಿಯದು. ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುವ ನಡುಬೂದು ವಸ್ತು ಎಂದೇ ಲೆಕ್ಕ ಹಾಕುತ್ತದೆ. ಹೊಸದಾಗಿ ಬಿದ್ದ ಹಿಮ ಶೇ. 80ರಿಂದ 90ರಷ್ಟು ಬೆಳಕನ್ನು ವಾಪಸ್ ಕೊಡುತ್ತದೆ. ಅಂತರ ಎರಡು ಸ್ಟಾಪಿಗೂ ಮೇಲೆ; ಒಂದು ಸ್ಟಾಪ್ ಏರಿಸಿದರೆ ಬೆಳಕು ದುಪ್ಪಟ್ಟು, ಇಳಿಸಿದರೆ ಅರ್ಧ. ಬೆಳಕು ಜಾಸ್ತಿಯಾಯಿತೆಂದು ಮೀಟರ್ ಕಡಿತ ಮಾಡುತ್ತದೆ, ಹಿಮ ಬೂದುಬಣ್ಣಕ್ಕೆ ತಿರುಗುತ್ತದೆ, ಮುಖ ಕಪ್ಪಾಗುತ್ತದೆ.

ಹೊರಡುವ ಮುಂಚೆ ಮೈಸೂರಿನ ಲಲಿತಮಹಲ್ ಮುಂದೆ ಬೆಳಗಿನ ಬಿಸಿಲಲ್ಲಿ ನಿಂತು, ಫ್ರೇಮಿನ ತುಂಬ ಬಿಳಿ ಗೋಡೆಯನ್ನೇ ಇಟ್ಟು, ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಪ್ಲಸ್-ಮೈನಸ್ ಸೆಟ್ಟಿಂಗನ್ನು ಸೊನ್ನೆಯಿಂದ ಮೂರನೇ ಒಂದು ಸ್ಟಾಪಿನಂತೆ ಏರಿಸುತ್ತ ಹೋದೆ. ಪ್ಲಸ್ ಒಂದೂ ಮುಕ್ಕಾಲಿನ ಹತ್ತಿರ ಗೋಡೆ ಬಿಳಿಯಾಯಿತು, ಕಿಟಕಿಯ ಸುತ್ತಲಿನ ಗಾರೆ ಕೆಲಸವೂ ಉಳಿಯಿತು. ಎರಡೂವರೆಗೆ ಅದೆಲ್ಲ ಬಿಳುಪಿನಲ್ಲಿ ಸುಟ್ಟುಹೋಯಿತು.

‘ಬಿಳಿ ಕಂಡರೆ ಪ್ಲಸ್’ ಅನ್ನುವ ಸೂತ್ರ ಮಾತ್ರ ನನಗೆ ಒಪ್ಪಿಗೆಯಿಲ್ಲ. ರಂಗನತಿಟ್ಟಿನಲ್ಲಿ ನೆರಳು ಬಿದ್ದ ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಕೂತಿದ್ದರೆ ಮೈನಸ್ ಕೊಡಬೇಕು. ಅಲ್ಲಿ ಫ್ರೇಮಿನಲ್ಲಿ ಕಪ್ಪೇ ಹೆಚ್ಚು, ಮೀಟರ್ ಬೆಳಕು ಏರಿಸಿ ಹಕ್ಕಿಯ ಗರಿ ಅಳಿಸಿಬಿಡುತ್ತದೆ. ಬಿಳುಪು ಇದೆಯೇ ಅಂತಲ್ಲ, ಫ್ರೇಮಿನಲ್ಲಿ ಎಷ್ಟು ಜಾಗ ಹಿಡಿದಿದೆ ಅಂತ ನೋಡಬೇಕು.

ಸಿಸ್ಸುವಿನಲ್ಲಿ ಒಳ್ಳೆಯ ಬಿಸಿಲು. ಫ್ರೇಮಿನ ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಲ್ಲಿ ಬಿಸಿಲು ಬಿದ್ದ ಹಿಮವನ್ನು ಅಳೆದೆ. ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8ಕ್ಕೆ ಮೀಟರ್ ಕೇಳಿದ್ದು ಸೆಕೆಂಡಿನ 1/1600 ಭಾಗ. ನಾನು 1/500 ಇಟ್ಟು, ಅಂದರೆ ಒಂದೂ ಮುಕ್ಕಾಲು ಸ್ಟಾಪಿನ ಹತ್ತಿರ ಹೆಚ್ಚು ಬೆಳಕು ಕೊಟ್ಟು, ಮ್ಯಾನುವಲ್‌ನಲ್ಲೇ ನಿಲ್ಲಿಸಿದೆ. ಹುಡುಗಿ ಮೆರೂನ್ ಶಾಲು ಹೊದ್ದು ಹತ್ತಿರ ಬಂದರೂ, ದೂರ ಹೋದರೂ ಹಿಮದ ಬಿಳುಪು ಅಲುಗಲಿಲ್ಲ. ಆಟೊದಲ್ಲಿದ್ದರೆ ಪ್ರತಿ ಫೋಟೊಗೂ ಒಂದೊಂದು ಬಿಳುಪು ಬಂದು ಆಲ್ಬಮ್ ಮಾಡುವಾಗ ತಲೆ ಕೆಡುತ್ತಿತ್ತು. ಮೋಡ ಬಂದಾಗಲೆಲ್ಲ ಮತ್ತೆ ಅಳೆಯಬೇಕು, ಅಷ್ಟೆ.

ಆ ಬೆಳಕಲ್ಲಿ ಕ್ಯಾಮೆರಾ ಸ್ಕ್ರೀನ್ ನಂಬಬಾರದು, ಎಲ್ಲವೂ ಕತ್ತಲೆಯಾಗೇ ಕಾಣುತ್ತದೆ. ಕಪ್ಪನ್ನು ಎಡಕ್ಕೂ ಬಿಳುಪನ್ನು ಬಲಕ್ಕೂ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ಬಲಗೋಡೆಯ ಹತ್ತಿರ ಇರಬೇಕು, ಒರಗಬಾರದು. ನಾನು ನೋಡುತ್ತಿದ್ದದ್ದು ಹೆಜ್ಜೆ ಗುರುತುಗಳನ್ನು. ಬೂಟು ಊರಿದ ಗುಳಿಯ ಅಂಚಿನಲ್ಲಿ ಹಿಮ ಹರಳು ಹರಳಾಗಿ ಕಂಡರೆ ಸರಿ. ಬೆಳಕು ಮಿತಿಮೀರಿತೆಂದು ಸ್ಕ್ರೀನಿನಲ್ಲಿ ಆ ಅಂಚೇ ಮಿನುಗಿ ಎಚ್ಚರಿಸಿದರೆ ಮೂರನೇ ಒಂದು ಸ್ಟಾಪ್ ಇಳಿಸುತ್ತಿದ್ದೆ. ಅಲ್ಲಲ್ಲಿ ಒಂದೆರಡು ಹರಳು ಬಿಸಿಲಿಗೆ ಹೊಳೆದು ಮಿನುಗಿದರೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ನಡುವೆ ಹುಡುಗ ಫೋನ್ ಹಿಡಿದು ಬಂದ. “ಯಾಕಣ್ಣ, ನಮ್ ಫೋನಲ್ಲಿ ಸ್ನೋ ಸಿಮೆಂಟ್ ತರ ಬತ್ತದೆ?”

“ಹಿಮದ ಮೇಲೆ ಒತ್ತಬ್ಯಾಡ ಕಣಪ್ಪ, ಅವಳ ಮುಖದ ಮೇಲೆ ಒತ್ತು. ಸೂರ್ಯನ ಗುರುತು ಬತ್ತದಲ್ಲ, ಅದನ್ನ ಸ್ವಲ್ಪ ಮೇಲಕ್ಕೆ ಎಳಿ” ಅಂದೆ. ಆಯಿತು.

ಮುಖಕ್ಕೆ ಹಿಮವೇ ರಿಫ್ಲೆಕ್ಟರ್. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದರೂ ಕೆಳಗಿನಿಂದ ಬೆಳಕು ಚಿಮ್ಮಿ ಕಣ್ಣ ಕೆಳಗಿನ ನೆರಳು ಹೋಗುತ್ತದೆ. ಥರ್ಮಾಕೋಲ್ ಹಿಡಿಯುವ ಹುಡುಗನನ್ನು ಕರೆದೊಯ್ಯುವ ಖರ್ಚು ಉಳಿಯಿತು! ಬ್ಯಾಟರಿ ಮಾತ್ರ ಚಳಿಗೆ ಬೇಗ ಸೋಲುತ್ತದೆ, ಇನ್ನೊಂದು ಒಳಜೇಬಿನಲ್ಲಿರಲಿ.

ನೆರಳಿನ ಹಿಮ ನೀಲಿಯಾಗಿ ಬಂದದ್ದನ್ನು ನಾನು ತಿದ್ದಲಿಲ್ಲ. ಅಲ್ಲಿ ಬೀಳುವುದು ಆಕಾಶದ ಬೆಳಕು. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಬಿಸಿಲಿಗೆ ಹೊಂದುವ 5500 ಕೆಲ್ವಿನ್‌ನಲ್ಲಿಟ್ಟೆ. ನೀಲಿ ತೆಗೆಯಲು ಹೋದರೆ ಬಿಸಿಲಿನ ಹಿಮ ಹಳದಿಯಾಗುತ್ತದೆ. ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ ಫೈಲ್ ಇದ್ದರೆ ಇದನ್ನೆಲ್ಲ ಮನೆಯಲ್ಲಿ ಕೂತು ನಿಧಾನಕ್ಕೆ ನೋಡಬಹುದು.

ಆಲ್ಬಮ್ ಪ್ರಿಂಟಿಗೆ ಕಳಿಸುವಾಗ ಸೊನ್ನೆ ಅಂದರೆ ಅಚ್ಚ ಕಪ್ಪು, 255 ಅಂದರೆ ಅಚ್ಚ ಬಿಳಿ ಅನ್ನುವ ಅಳತೆಯಲ್ಲಿ ಅತಿ ಬೆಳಕಿನ ಹಿಮ 245ರ ಆಸುಪಾಸಿಗೆ ಬರುವಂತೆ ಇಳಿಸಿದೆ. 255 ಮುಟ್ಟಿದ ಕಡೆ ಪ್ರಿಂಟಿನಲ್ಲಿ ಹಿಮ ಇರುವುದಿಲ್ಲ, ಬರೀ ಕಾಗದ ಕಾಣುತ್ತದೆ.